ಹಾರುವ ದಾಖಲೆಗಳು: ಓಲ್ಡ್ ವಾರ್ಡನ್ ಗ್ರಾಮದ ವಿಮಾನಶಾಲೆಯ ಇತಿಹಾಸ

೧

ಇತಿಹಾಸದ ಆಕರಗಳನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ಶಾಸನ, ನಾಣ್ಯ, ಓಲೆಗರಿ, ಕಡತ, ಕಟ್ಟಡ ಎಂಬ ಕ್ರಮವನ್ನು ಅನುಸರಿಸುತ್ತೇವೆ. ಯಂತ್ರವು ಈ ಪಟ್ಟಿಗೆ ಸೇರಿದುದು ತೀರ ಈಚೆಗೆ. ಸೇರಿದ ಮೇಲೂ ಅದನ್ನು ಓದುವ ಕ್ರಮ ಯಾವುದೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಓಲೆಗರಿಯ ಗ್ರಂಥವೊಂದು ಐನೂರು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದರೂ, ಹುಳು ತಿನ್ನದೆ ಉಳಿದಿದ್ದರೆ, ಬಿಚ್ಚಿದ ದಿನವೇ ತನ್ನ ಮಾತನ್ನೆಲ್ಲ ಹೇಳಿಬಿಡುತ್ತದೆ. ಯಂತ್ರದ ವಿಷಯ ಹಾಗಲ್ಲ. ಅದರ ಮರ, ಲೋಹ, ಬಟ್ಟೆಗಳನ್ನು ಅಳೆದು ತೂಗಿ ಬರೆದುಕೊಂಡ ಮೇಲೂ ಅದು ನಡೆಯುತ್ತಿದ್ದ ಬಗೆ, ಅದನ್ನು ನಡೆಸುತ್ತಿದ್ದವನ ಕೈಗೆ ಬೇಕಾಗಿದ್ದ ಹದ, ಅದು ಕೆಡುತ್ತಿದ್ದ ರೀತಿ, ಕೆಟ್ಟಾಗ ಸರಿಪಡಿಸುತ್ತಿದ್ದ ಉಪಾಯ ಇವೆಲ್ಲ ಉಳಿದೇ ಹೋಗುತ್ತವೆ. ನುಡಿಸದೆ ಗೋಡೆಗೆ ಒರಗಿಸಿಟ್ಟ ವೀಣೆಯಿಂದ ಸಂಗೀತದ ಇತಿಹಾಸವನ್ನು ಎಷ್ಟು ತಿಳಿಯಬಹುದೋ, ನಿಂತ ಯಂತ್ರದಿಂದ ತಂತ್ರಜ್ಞಾನದ ಇತಿಹಾಸವನ್ನೂ ಅಷ್ಟೇ ತಿಳಿಯಬಹುದು.

ಹಾಗೆಂದು ಹಳೆಯ ಯಂತ್ರವನ್ನು ನಡೆಸಹೊರಟರೆ ಅದು ಸವೆಯುತ್ತದೆ. ಸವೆದ ಭಾಗವನ್ನು ಬದಲಿಸಿದರೆ ಮೂಲದ ಸ್ವಲ್ಪ ಅಂಶ ಹೋಗಿ ಹೊಸತು ಬಂದು ಸೇರುತ್ತದೆ. ವಿಮಾನದ ಮಟ್ಟಿಗಂತೂ ಒಂದು ದಿನದ ಅವಘಡ ದಾಖಲೆಯನ್ನೂ ಅದನ್ನು ನಡೆಸಿದವನನ್ನೂ ಒಟ್ಟಿಗೆ ಇಲ್ಲವಾಗಿಸಬಹುದು. ನಡೆಸದಿದ್ದರೆ ವಿದ್ಯೆಯ ನಷ್ಟ, ನಡೆಸಿದರೆ ವಸ್ತುವಿನ ನಷ್ಟ. ಈ ಉಭಯಸಂಕಟವನ್ನು ಜನರು ವಾಸ್ತವವಾಗಿ ಹೇಗೆ ಎದುರಿಸಿದರು ಎಂಬುದನ್ನು ಇಂಗ್ಲೆಂಡಿನ ಒಂದು ಗ್ರಾಮದ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಗ್ರಾಮ ಬೆಡ್‌ಫರ್ಡ್‌ಷೈರ್ ಪ್ರಾಂತದ ಓಲ್ಡ್ ವಾರ್ಡನ್. ಅಲ್ಲಿಯ ಹುಲ್ಲು ಮೈದಾನದಲ್ಲಿ, ಹಳೆಯ ವಿಮಾನಶಾಲೆಗಳಲ್ಲಿ ಇರುವ ಷಟಲ್‌ವರ್ತ್ ಸಂಗ್ರಹವು ವಿಮಾನಯುಗದ ಆರಂಭದ ಯಂತ್ರಗಳನ್ನು ಹಾರುವ ಸ್ಥಿತಿಯಲ್ಲಿ ಉಳಿಸಿಕೊಂಡು ಬಂದಿರುವ ಸಂಸ್ಥೆಗಳಲ್ಲಿ ಅಗ್ರಗಣ್ಯವಾದುದು. ಈ ಕಾರ್ಯವನ್ನು ಆರಂಭಿಸಿದವರು ಯಾವ ಸರ್ಕಾರದವರೂ ಅಲ್ಲ. ಒಬ್ಬ ಯುವಕ ಮತ್ತು ಅವನ ಕೆಲವು ಗೆಳೆಯರು. ಮುಂದುವರಿಸಿದವರಲ್ಲಿಯೂ ಬಹುಮಂದಿ ಬಿಡುವಿನ ವೇಳೆಯನ್ನು ಇದಕ್ಕೆ ಮುಡಿಪಿಟ್ಟ ಗೆಳೆಯರ ಗುಂಪುಗಳವರೇ.

೨

ಷಟಲ್‌ವರ್ತ್ ಮನೆತನದ ಸಂಪತ್ತು ಭೂಮಿಯಿಂದ ಬಂದುದಲ್ಲ, ಯಂತ್ರದಿಂದ ಬಂದುದು. ಲಿಂಕನ್ ನಗರದ ಕ್ಲೇಟನ್ ಅಂಡ್ ಷಟಲ್‌ವರ್ತ್ ಎಂಬ ಕಾರ್ಖಾನೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರಗಳಿಗೂ ಒಕ್ಕಣೆಯ ಯಂತ್ರಗಳಿಗೂ ಹೆಸರಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಇದೇ ಕಾರ್ಖಾನೆಯು ಸಾಪ್‌ವಿತ್ ಕಂಪನಿಯ ನಕ್ಷೆಗಳಂತೆ ಯುದ್ಧವಿಮಾನಗಳನ್ನೂ ಕಟ್ಟಿಕೊಟ್ಟಿತು. ಈ ಮನೆತನದ ಕುಡಿಯಾದ ರಿಚರ್ಡ್ ಆರ್ಮಂಡ್ ಷಟಲ್‌ವರ್ತ್ ಹುಟ್ಟಿದುದು ೧೯೦೯ರ ಜುಲೈ ೧೬ರಂದು. ಅದಾದ ಒಂಬತ್ತು ದಿನಗಳಿಗೆ, ಜುಲೈ ೨೫ರಂದು, ಲೂಯಿ ಬ್ಲೆರಿಯೋ ಎಂಬ ಫ್ರೆಂಚನು ತಾನೇ ರಚಿಸಿದ ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದನು. ರಿಚರ್ಡನು ವಿಮಾನಯುಗದ ಓರಗೆಯವನು ಎನ್ನಬಹುದು.

ತಂದೆ ೧೯೧೩ರಲ್ಲಿಯೇ ತೀರಿಕೊಂಡುದರಿಂದ ಬಾಲಕನು ತಾಯಿ ಡೊರೊಥಿಯವರ ಪೋಷಣೆಯಲ್ಲಿ ಬೆಳೆದನು. ಪ್ರಾಯಕ್ಕೆ ಬಂದು ಎಸ್ಟೇಟಿನ ಹೊಣೆ ಕೈಗೆ ಬಂದಾಗ ಅವನ ಮನಸ್ಸು ಹರಿದುದು ಮೋಟಾರು ಪಂದ್ಯಗಳ ಕಡೆಗೆ ಮತ್ತು ವಿಮಾನಗಳ ಕಡೆಗೆ. ೧೯೩೫ರಲ್ಲಿ ಡೊನಿಂಗ್ಟನ್ ಗ್ರ್ಯಾಂಡ್ ಪ್ರೀ ಪಂದ್ಯವನ್ನು ಆಲ್ಫಾ ರೋಮಿಯೋ ಕಾರಿನಲ್ಲಿ ಗೆದ್ದನು. ಮುಂದಿನ ವರ್ಷದ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಪಂದ್ಯದಲ್ಲಿ ತೀವ್ರವಾಗಿ ಗಾಯಗೊಂಡನು. ೧೯೩೨ರಲ್ಲಿ ಅವನು ಕೊಂಡ ಡಿ ಹ್ಯಾವಿಲೆಂಡ್ ಮಾತ್ ವಿಮಾನವು ಅಂದಿನಿಂದ ಓಲ್ಡ್ ವಾರ್ಡನ್ ಮೈದಾನದ್ದೇ ಆಗಿ ಉಳಿದಿದೆ. ಒಂದೇ ಮೈದಾನವನ್ನು ಮನೆ ಮಾಡಿಕೊಂಡು ಇಷ್ಟು ದೀರ್ಘಕಾಲ ಇರುವ ಇನ್ನೊಂದು ವಿಮಾನವನ್ನು ಹೆಸರಿಸುವುದು ಕಷ್ಟ.

ನಮ್ಮ ದೇಶಕ್ಕೂ ಈ ಕಥೆಗೂ ಮೊದಲ ಸಂಬಂಧ ಒದಗುವುದು ೧೯೩೩ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ದೆಹಲಿಯಲ್ಲಿ ವೈಸರಾಯರ ಪಾರಿತೋಷಕಕ್ಕಾಗಿ ವಿಮಾನ ಪಂದ್ಯ ನಡೆಯಿತು. ರಿಚರ್ಡನೂ ಅವನ ಗೆಳೆಯ ಜಾರ್ಜ್ ಸ್ಟೆಡ್ ಎಂಬವನೂ ಕಾಂಪರ್ ಸ್ವಿಫ್ಟ್ ಎಂಬ ಒಬ್ಬನೇ ಕೂರುವ ಪುಟ್ಟ ವಿಮಾನಗಳೆರಡರಲ್ಲಿ ಇಂಗ್ಲೆಂಡಿನಿಂದ ಇಂಡಿಯಕ್ಕೆ ಹಾರಿ ಬಂದರು. ಅದೇ ಪಂದ್ಯದಲ್ಲಿ ಇಂಡಿಯದ ಚಹಾತೋಟಗಾರ ಆಲ್ಬನ್ ಆಲಿ ಎಂಬಾತನು ಅದೇ ಬಗೆಯ ಕೆಂಪುಬಣ್ಣದ ವಿಮಾನವೊಂದನ್ನು ಹಾರಿಸಿದನು. ಇಂಡಿಯದ ನೋಂದಣಿ ಚಿಹ್ನೆಯನ್ನು ಹೊತ್ತಿದ್ದ ಆ 'ಸ್ಕಾರ್ಲೆಟ್ ಏಂಜೆಲ್' ಬಳಿಕ ಇಂಗ್ಲೆಂಡಿಗೆ ಹೋಗಿ, ಹಲವು ಕೈ ದಾಟಿ, ಕೊನೆಗೆ ಓಲ್ಡ್ ವಾರ್ಡನ್ನಿನ ಸಂಗ್ರಹವನ್ನೇ ಸೇರಿತು. ದೆಹಲಿಯಲ್ಲಿ ಎದುರಾಳಿಯಾಗಿದ್ದ ವಿಮಾನವು ಎದುರಾಳಿಯ ಮನೆಯಲ್ಲಿಯೇ ಉಳಿದುಕೊಂಡಿತು.

ರಿಚರ್ಡನನ್ನು ಇತಿಹಾಸಕಾರರು ನೆನೆಯಬೇಕಾದುದು ಪಂದ್ಯಗಳಿಗಾಗಿ ಅಲ್ಲ. ಹಳೆಯ ವಿಮಾನವೆಂದರೆ ಮುರುಕು ಸಾಮಾನು ಎಂದು ಎಲ್ಲರೂ ಬಗೆಯುತ್ತಿದ್ದ ಕಾಲದಲ್ಲಿ ಅವನು ಅವುಗಳನ್ನು ಹುಡುಕಿ ತಂದನು. ೧೯೦೯ರ ಬ್ಲೆರಿಯೋ ವಿಮಾನವೊಂದು ಮತ್ತು ೧೯೧೦ರ ಡೆಪರ್‌ಡುಸಾನ್ ವಿಮಾನವೊಂದು ೧೯೩೫ರಲ್ಲಿ ಅವನ ಕೈಸೇರಿದುವು. ಗ್ರಾಮಾಂತರದಲ್ಲಿ ಬಿಡಿಭಾಗಗಳಾಗಿ ಬಿದ್ದಿದ್ದ ೧೯೧೨ರ ಬ್ಲ್ಯಾಕ್‌ಬರ್ನ್ ವಿಮಾನವನ್ನು ಆ ದಶಕದ ಕೊನೆಯಲ್ಲಿ ಕೊಂಡು ತಂದನು. ಯುದ್ಧಾನಂತರ ಇಬ್ಬರು ಕೂರುವಂತೆ ಮಾರ್ಪಡಿಸಿ ಕಟ್ಟಿದ್ದ ಸಾಪ್‌ವಿತ್ ಡವ್ ಒಂದನ್ನು ಅದರ ಮೂಲರೂಪವಾದ 'ಪಪ್' ಎಂಬ ಯುದ್ಧವಿಮಾನವಾಗಿ ಮರಳಿ ತಿದ್ದಿಸಿದನು. ಇವುಗಳನ್ನು ತಂದು ನಿಲ್ಲಿಸುವುದಷ್ಟೇ ಅವನ ಗುರಿಯಾಗಿರಲಿಲ್ಲ. ಮತ್ತೆ ಹಾರಿಸಬೇಕೆಂಬುದು ಅವನ ಹಟ. ಎಸ್ಟೇಟಿನ ಶೆಡ್ಡುಗಳಲ್ಲಿ ಅವನೂ ಅವನ ಮೆಕ್ಯಾನಿಕರೂ ಗೆಳೆಯರೂ ಕೂಡಿ ಕೆಲಸ ಮಾಡಿದರು. ಅಂದಿಗೆ ಈ ವಿಮಾನಗಳ ವಯಸ್ಸು ಇಪ್ಪತ್ತೈದು ಮೂವತ್ತು ವರ್ಷ ಮಾತ್ರ. ಅವುಗಳನ್ನು ಕಟ್ಟಿದವರೂ ಹಾರಿಸಿದವರೂ ಇನ್ನೂ ಬದುಕಿದ್ದರು. ಸಂದೇಹ ಬಂದರೆ ಕೇಳಿ ತಿಳಿಯಲು ಅವಕಾಶವಿತ್ತು. ಇನ್ನೊಂದು ತಲೆಮಾರು ತಡವಾಗಿದ್ದರೆ ಈ ಅವಕಾಶ ತಪ್ಪಿಹೋಗುತ್ತಿತ್ತು ಎಂಬುದು ಗಮನಾರ್ಹ.

೩

ಎರಡನೆಯ ಮಹಾಯುದ್ಧ ಆರಂಭವಾದಾಗ ರಿಚರ್ಡನು ವಾಯುಪಡೆಯನ್ನು ಸೇರಿದನು. ೧೯೪೦ರ ಆಗಸ್ಟ್ ೨ರಂದು, ರಾತ್ರಿಯ ಹಾರಾಟದ ಅಭ್ಯಾಸದಲ್ಲಿ, ಅವನ ಫೇರಿ ಬ್ಯಾಟಲ್ ವಿಮಾನವು ನೆಲಕ್ಕೆ ಅಪ್ಪಳಿಸಿ ಅವನು ಮೃತನಾದನು. ಆಗ ಅವನ ವಯಸ್ಸು ಮೂವತ್ತೊಂದು.

ಏಕಮಾತ್ರ ಪುತ್ರನನ್ನು ಕಳೆದುಕೊಂಡ ಡೊರೊಥಿಯವರು ೧೯೪೪ರಲ್ಲಿ ಅವನ ಸ್ಮರಣಾರ್ಥವಾಗಿ ಒಂದು ನ್ಯಾಸವನ್ನು ಸ್ಥಾಪಿಸಿದರು. ವಿಮಾನವಿದ್ಯೆ, ವ್ಯವಸಾಯ, ಅರಣ್ಯವರ್ಧನ ಇವುಗಳ ಶಾಸ್ತ್ರವನ್ನೂ ಪ್ರಯೋಗವನ್ನೂ ಕಲಿಸುವುದು ಅದರ ಉದ್ದೇಶವೆಂದು ನಿರೂಪಿಸಲಾಯಿತು. ಈ ಮಾತನ್ನು ನಾವು ಸ್ವಲ್ಪ ನಿಂತು ಗಮನಿಸಬೇಕು. ಮಗನ ನೆನಪಿಗೆ ಪ್ರತಿಮೆ ನಿಲ್ಲಿಸಬಹುದಾಗಿತ್ತು. ಅವನ ವಿಮಾನಗಳನ್ನು ಗಾಜಿನ ಮನೆಯಲ್ಲಿ ಇಡಬಹುದಾಗಿತ್ತು. ಆ ತಾಯಿ ಬಯಸಿದುದು ಕಲಿಸುವಿಕೆಯನ್ನು, ಅದರಲ್ಲಿಯೂ ಶಾಸ್ತ್ರದೊಡನೆ ಪ್ರಯೋಗವನ್ನು. ಮನೆತನದ ಭವನವು ವ್ಯವಸಾಯದ ಕಾಲೇಜಾಯಿತು. ವಿಮಾನಗಳು ಹಳೆಯ ಶೆಡ್ಡುಗಳಲ್ಲಿಯೇ, ಕೈಕೆಲಸದ ನಡುವೆಯೇ, ಉಳಿದುವು. ೧೯೬೩ರಲ್ಲಿ ಸಂಗ್ರಹವನ್ನು ಸಾರ್ವಜನಿಕರ ವೀಕ್ಷಣೆಗೆ ತೆರೆಯಲಾಯಿತು.

ಯುದ್ಧಾನಂತರದ ಎರಡು ದಶಕಗಳಲ್ಲಿ ನಡೆದ ಜೀರ್ಣೋದ್ಧಾರಗಳ ಕ್ರಮ ವಿಶೇಷವಾದುದು. ಅನೇಕ ವಿಮಾನಗಳು ತಾವು ಹುಟ್ಟಿದ ಮನೆಗೇ ಹಿಂದಿರುಗಿ ಪುನರ್ಜನ್ಮ ಪಡೆದುವು. ೧೯೧೮ರ ಬ್ರಿಸ್ಟಲ್ ಫೈಟರ್ ವಿಮಾನವನ್ನು ಬ್ರಿಸ್ಟಲ್ ಕಂಪನಿಯವರೇ ದುರಸ್ತಿ ಮಾಡಿ ೧೯೫೧ರಲ್ಲಿ ಹಾರಿಸಿದರು. ಏವ್ರೋ ೫೦೪ ವಿಮಾನವನ್ನು ಏವ್ರೋ ಕಂಪನಿಯವರು ೧೯೫೫ರಲ್ಲಿ ಸಿದ್ಧಪಡಿಸಿದರು. ಎಸ್.ಇ. ೫ಎ ಎಂಬ ಯುದ್ಧವಿಮಾನವು ಯುದ್ಧದ ಬಳಿಕ ಆಕಾಶದಲ್ಲಿ ಹೊಗೆಯಿಂದ ಜಾಹಿರಾತು ಬರೆಯುವ ಕೆಲಸ ಮಾಡಿ, ಆಮೇಲೆ ಒಂದು ಕಾರ್ಖಾನೆಯ ಮಾಡಿಗೆ ತೂಗುಬಿದ್ದಿತ್ತು. ಅದನ್ನು ಕೆಳಗಿಳಿಸಿ ಫಾರ್ನ್‌ಬರೋ ಸಂಶೋಧನಾ ಕೇಂದ್ರದವರು ದುರಸ್ತಿ ಮಾಡಿದರು. ೧೯೫೯ರಲ್ಲಿ ಅದು ಹಾರಿತು. ಆ ಮಾದರಿಯು ಮೊದಲಿಗೆ ರಚಿತವಾದುದೂ ಫಾರ್ನ್‌ಬರೋದಲ್ಲಿಯೇ. ಜೆಟ್ ಯಂತ್ರಗಳ ಯುಗದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರ ಕೈಗೆ, ನಿವೃತ್ತಿಯ ಅಂಚಿನಲ್ಲಿದ್ದ ಹಳೆಯ ಕೆಲಸಗಾರರ ಕೈಯಿಂದ, ಮರಗೆಲಸವೂ ಬಟ್ಟೆ ಹೊದಿಸುವ ಕೆಲಸವೂ ದಾಟಲು ಇಂಥ ಸಂದರ್ಭಗಳು ಎಡೆಗೊಟ್ಟುವು.

೪

ಇನ್ನು, ಹಾರಿಸುವುದರಿಂದ ಇತಿಹಾಸಕ್ಕೆ ದೊರೆಯುವ ಜ್ಞಾನವಾದರೂ ಯಾವುದು ಎಂಬ ಪ್ರಶ್ನೆಗೆ ಬರೋಣ. ಮೂರು ನಿದರ್ಶನಗಳು ಸಾಕು.

ಮೊದಲನೆಯದು ಬ್ಲೆರಿಯೋ ವಿಮಾನ. ಅದರ ಎಂಜಿನ್ನು ಮೂರು ಸಿಲಿಂಡರಿನ ಅಂಜಾನಿ; ಶಕ್ತಿ ಸುಮಾರು ೨೫ ಕುದುರೆಬಲ. ಇಂದಿನ ವಿಮಾನಗಳ ರೆಕ್ಕೆಯ ಹಿಂಬದಿಯಲ್ಲಿರುವ ಮಡಿಕೆಗಳು ಅದಕ್ಕಿಲ್ಲ. ಓಲಾಡಿದಾಗ ತಂತಿಗಳನ್ನೆಳೆದು ರೆಕ್ಕೆಯನ್ನೇ ತಿರುಚಿ ಸಮತೋಲ ತರಬೇಕು. ಓಲ್ಡ್ ವಾರ್ಡನ್ನಿನಲ್ಲಿ ಇದನ್ನು ಗಾಳಿ ಪೂರ್ತಿ ಅಡಗಿದ ಸಂಜೆಗಳಲ್ಲಿ ಮಾತ್ರ, ನೆಲದಿಂದ ಕೆಲವೇ ಅಡಿ ಮೇಲೆ, ಮೈದಾನದ ಉದ್ದಕ್ಕೆ ನೇರವಾಗಿ ಹಾರಿಸುತ್ತಾರೆ. ೧೯೧೦ರ ಸುಮಾರಿನ ವಿಮಾನ ಪ್ರದರ್ಶನಗಳಲ್ಲಿ ಜನರು ಗಾಳಿ ನಿಲ್ಲಲೆಂದು ಗಂಟೆಗಟ್ಟಲೆ ಕಾಯುತ್ತಿದ್ದರೆಂಬ ವರದಿಗಳನ್ನು ಓದುವ ವಿದ್ಯಾರ್ಥಿಗೆ ಅದು ವ್ಯವಸ್ಥಾಪಕರ ಅದಕ್ಷತೆಯೆಂದು ತೋರಬಹುದು. ಹಾರುವ ಬ್ಲೆರಿಯೋ ಯಂತ್ರವನ್ನು ಬಲ್ಲವರಿಗೆ ಅದು ಯಂತ್ರದ ಸ್ವಭಾವವೆಂದು ಗೊತ್ತು. ಕಾಲುವೆಯನ್ನು ಬ್ಲೆರಿಯೋ ದಾಟಿದುದು ಬೆಳಗಿನ ಜಾವದಲ್ಲಿ ಎಂಬ ಸಂಗತಿಗೂ ಆಗ ಅರ್ಥ ಹೊಳೆಯುತ್ತದೆ.

ಎರಡನೆಯದು ಸುತ್ತುವ ಎಂಜಿನ್ನು. ಮೊದಲ ಮಹಾಯುದ್ಧದ ಅನೇಕ ವಿಮಾನಗಳಲ್ಲಿ ಎಂಜಿನ್ನಿನ ನಡುದಂಡವು ವಿಮಾನದ ಮೈಗೆ ಬಿಗಿದುಕೊಂಡು ನಿಶ್ಚಲವಾಗಿರುತ್ತಿತ್ತು. ಸಿಲಿಂಡರುಗಳ ಸಮೂಹವೇ ಪ್ರೊಪೆಲರಿನೊಡನೆ ಗಿರಗಿರನೆ ಸುತ್ತುತ್ತಿತ್ತು. ಗಾಳಿಯಲ್ಲಿ ಸುತ್ತುವುದರಿಂದ ಸಿಲಿಂಡರುಗಳು ತಾವೇ ತಣಿಯುತ್ತಿದ್ದುವು. ಕೀಲೆಣ್ಣೆಯಾಗಿ ಬಳಸುತ್ತಿದ್ದುದು ಹರಳೆಣ್ಣೆ. ಅದು ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದೆ ತನ್ನ ಜಿಗುಟನ್ನು ಉಳಿಸಿಕೊಳ್ಳುತ್ತದೆ. ಒಮ್ಮೆ ಬಳಸಿದ ಎಣ್ಣೆ ತಿರುಗಿ ಬಾರದೆ ಹೊಗೆಯೊಡನೆ ಹೊರಬಿದ್ದು ಹಾರಿಸುವವನ ಮುಖಕ್ಕೂ ಬಟ್ಟೆಗೂ ಸಿಡಿಯುತ್ತಿತ್ತು. ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುವ ಸೌಕರ್ಯ ಈ ಎಂಜಿನ್ನುಗಳಲ್ಲಿ ಬಹುಮಟ್ಟಿಗೆ ಇರಲಿಲ್ಲ. ಇಳಿಯುವಾಗ ಹಿಡಿಯ ಮೇಲಿನ ಗುಂಡಿಯನ್ನೊತ್ತಿ ಕಿಡಿಯನ್ನು ತಡೆಯುವುದು, ಬಿಟ್ಟು ಮತ್ತೆ ಉರಿಸುವುದು, ಹೀಗೆ ಬಿಟ್ಟುಬಿಟ್ಟು ನಡೆಸಬೇಕಾಗಿತ್ತು. ಸುತ್ತುವ ಅಷ್ಟು ಭಾರವು ಬುಗುರಿಯಂತೆ ವರ್ತಿಸಿ, ವಿಮಾನವನ್ನು ಒಂದು ಬದಿಗೆ ತಿರುಗಿಸಿದಾಗ ಮೂತಿಯನ್ನು ಕೆಳಗೂ ಇನ್ನೊಂದು ಬದಿಗೆ ತಿರುಗಿಸಿದಾಗ ಮೇಲಕ್ಕೂ ಎಳೆಯುತ್ತಿತ್ತು. ಇವೆಲ್ಲ ಪುಸ್ತಕಗಳಲ್ಲಿವೆ, ನಿಜ. ಆದರೆ ಎಷ್ಟು ಹೊತ್ತು ಕಿಡಿಯನ್ನು ತಡೆದರೆ ಎಂಜಿನ್ನು ಆರಿಯೇ ಹೋದೀತು ಎಂಬ ಹದವು ಪುಸ್ತಕದಲ್ಲಿ ಬರೆಯಲಾಗದ ವಿಷಯ. ಅದು ಕೈಯಿಂದ ಕೈಗೆ ಬರಬೇಕು. ಮಧ್ಯೆ ಒಂದು ತಲೆಮಾರು ಬಿಟ್ಟುಹೋದರೆ, ತಪ್ಪುಗಳನ್ನೆಲ್ಲ ಮೊದಲಿನಿಂದ ಮಾಡಿಯೇ ಅದನ್ನು ಕಲಿಯಬೇಕು. ವಿಮಾನದಲ್ಲಿ ತಪ್ಪಿನ ಬೆಲೆ ದೊಡ್ಡದು.

ಮೂರನೆಯದು ಮೈದಾನ ಮತ್ತು ವಿಮಾನಶಾಲೆ. ಆರಂಭದ ವಿಮಾನಗಳಿಗೆ ಚಕ್ರದ ತಡೆ ಇರಲಿಲ್ಲ. ಬಾಲದ ಕೆಳಗಿನ ಮರದ ಕೊರಡು ಹುಲ್ಲುನೆಲವನ್ನು ಗೀರುತ್ತ ಹೋಗುವುದೇ ತಡೆ. ಗಾಳಿಗೆ ಎದುರಾಗಿಯೇ ಏರಬೇಕು, ಇಳಿಯಬೇಕು. ಆದುದರಿಂದ ಕಾಂಕ್ರೀಟಿನ ನೇರ ಹಾದಿಗಿಂತ ಅಗಲವಾದ ಹುಲ್ಲುಗಾವಲು ಈ ಯಂತ್ರಗಳಿಗೆ ಸಹಜವಾದ ನೆಲೆ. ವಿಮಾನಶಾಲೆಯ ಮಹತ್ತ್ವವೂ ಇದೇ ಬಗೆಯದು. ಸ್ಪ್ರೂಸ್ ಮತ್ತು ಆಶ್ ಮರದ ಚೌಕಟ್ಟು, ಅದರ ಮೇಲೆ ಬಿಗಿದು ಹೊಲಿದ ಲಿನನ್ ಬಟ್ಟೆ, ಬಟ್ಟೆಯನ್ನು ಸೆಟೆದು ನಿಲ್ಲಿಸುವ ಡೋಪ್ ಎಂಬ ಲೇಪ, ಮರವನ್ನು ಹಿಡಿದಿರುವ ಅಂಟು ಇವೆಲ್ಲಕ್ಕೂ ತೇವವೇ ಶತ್ರು. ಹಾಲಿನ ಅಂಶದಿಂದ ಮಾಡುತ್ತಿದ್ದ ಹಳೆಯ ಅಂಟಿಗೆ ಬೂಷ್ಟು ಹಿಡಿದರೆ ಕೀಲುಗಳು ಹೊರಗೆ ತೋರದಂತೆ ಒಳಗೊಳಗೇ ಸಡಿಲವಾಗುತ್ತವೆ. ಮಾಡಿನ ಸೋರಿಕೆ ನಿಲ್ಲಿಸುವುದು, ದೋಣಿಗಳಲ್ಲಿ ತುಂಬಿದ ಎಲೆಗಳನ್ನು ತೆಗೆಯುವುದು, ಜಾರುವ ಬಾಗಿಲುಗಳ ಹಳಿಗೆ ಎಣ್ಣೆ ಹಾಕುವುದು, ಬಣ್ಣ ಬಳಿಯುವುದು ಇಂಥ ಕೆಲಸಗಳಿಗೆ ಯಾವ ಕೀರ್ತಿಯೂ ಇಲ್ಲ. ಆದರೆ ಇವಿಲ್ಲದೆ ಯಾವ ವಿಮಾನವೂ ಉಳಿಯದು. ನಮ್ಮಲ್ಲಿ ಓಲೆಗರಿಗಳನ್ನು ಉಳಿಸಿದವರು ವಿದ್ವಾಂಸರು ಮಾತ್ರವಲ್ಲ, ಮಳೆಗಾಲ ಕಳೆದ ಮೇಲೆ ವರ್ಷ ವರ್ಷವೂ ಅವುಗಳನ್ನು ತೆಗೆದು ಒರಸಿ ಎಣ್ಣೆ ಸವರಿಟ್ಟ ಮನೆಯವರೂ ಹೌದು ಎಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು.

೫

ಈ ಕೆಲಸಗಳನ್ನು ಮಾಡುವವರು ಯಾರು? ಸಂಗ್ರಹಕ್ಕೆ ತನ್ನದೇ ಆದ ಎಂಜಿನಿಯರುಗಳಿದ್ದಾರೆ. ಅವರ ಜೊತೆಗೆ ಷಟಲ್‌ವರ್ತ್ ವೆಟರನ್ ಏರೋಪ್ಲೇನ್ ಸೊಸೈಟಿ ಎಂಬ ಹಿತೈಷಿಗಳ ಸಂಘವಿದೆ. ಅದರ ಸದಸ್ಯರು ಚಂದಾ ಕೊಡುತ್ತಾರೆ, ಜೀರ್ಣೋದ್ಧಾರಕ್ಕೆ ಹಣ ಕೂಡಿಸುತ್ತಾರೆ, ಪ್ರದರ್ಶನದ ದಿನಗಳಲ್ಲಿ ದುಡಿಯುತ್ತಾರೆ. ವಿಮಾನ ಹಾರಿಸುವವರೂ ಬಹುಮಟ್ಟಿಗೆ ಬೇರೆ ಕಡೆ ಉದ್ಯೋಗ ಮಾಡುತ್ತ ಇಲ್ಲಿ ಗೌರವಸೇವೆ ಸಲ್ಲಿಸುವವರು.

ಗೆಳೆತನದ ಬಲವನ್ನು ಎತ್ತಿ ತೋರುವ ಎರಡು ಪ್ರಸಂಗಗಳನ್ನು ಇಲ್ಲಿ ಹೇಳಬೇಕು. ೧೯೩೦ರ ದಶಕದಲ್ಲಿ ಬ್ರಿಟನ್ನಿನಿಂದ ಆಫ್ಘಾನಿಸ್ತಾನಕ್ಕೆ ಹೋಗಿದ್ದ ಹಾಕರ್ ಹೈಂಡ್ ಎಂಬ ಬಾಂಬರು ವಿಮಾನವೊಂದನ್ನು ಅಲ್ಲಿಯ ವಾಯುಪಡೆಯು ೧೯೭೦ರಲ್ಲಿ ಈ ಸಂಗ್ರಹಕ್ಕೆ ದಾನವಾಗಿ ಕೊಟ್ಟಿತು. ಅದನ್ನು ಬಿಚ್ಚಿ ಲಾರಿಯ ಮೇಲೆ ಹೇರಿ ಕಾಬೂಲಿನಿಂದ ಇಂಗ್ಲೆಂಡಿಗೆ ಸುಮಾರು ೬,೦೦೦ ಮೈಲಿ ರಸ್ತೆಯಲ್ಲಿಯೇ ಸಾಗಿಸಿದರು. ದಶಕವೊಂದರ ದುರಸ್ತಿಯ ಬಳಿಕ ೧೯೮೧ರಲ್ಲಿ ಅದು ಹಾರಿತು.

ಎರಡನೆಯ ಪ್ರಸಂಗ ತತ್ತ್ವದೃಷ್ಟಿಯಿಂದ ಇನ್ನೂ ಮಹತ್ತ್ವದ್ದು. ೧೯೭೦ರ ದಶಕದ ಆರಂಭದಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಕೆಲವು ಹವ್ಯಾಸಿಗಳು ನಾರ್ದರ್ನ್ ಏರೋಪ್ಲೇನ್ ವರ್ಕ್‌ಷಾಪ್ಸ್ ಎಂಬ ಕೂಟವನ್ನು ಕಟ್ಟಿದರು. ಓಲ್ಡ್ ವಾರ್ಡನ್ನಿನ ಸಂಗ್ರಹದಲ್ಲಿ ಇಲ್ಲದ ವಿಮಾನವೊಂದನ್ನು ಹಳೆಯ ನಕ್ಷೆಗಳಿಗೆ ಅನುಸಾರವಾಗಿ, ಹಳೆಯ ಸಾಮಗ್ರಿ ಮತ್ತು ಹಳೆಯ ವಿಧಾನಗಳಿಂದಲೇ ಕಟ್ಟಿ ಒಪ್ಪಿಸುವುದು ಅವರ ಸಂಕಲ್ಪ. ಆರಿಸಿಕೊಂಡುದು ೧೯೧೬ರಲ್ಲಿ ಮೊದಲು ಹಾರಿದ ಸಾಪ್‌ವಿತ್ ಟ್ರೈಪ್ಲೇನ್, ಅಂದರೆ ಒಂದರ ಮೇಲೊಂದಾಗಿ ಮೂರು ರೆಕ್ಕೆಗಳ ವಿಮಾನ. ಬಿಡುವಿನ ವೇಳೆಯಲ್ಲಿ ದುಡಿದು ಮುಗಿಸಲು ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಹಿಡಿಯಿತು. ವಿಮಾನದ ಮೂಲ ನಿರ್ಮಾಪಕರಾದ ಸರ್ ಥಾಮಸ್ ಸಾಪ್‌ವಿತ್ ಅವರು ಆಗಿನ್ನೂ ಜೀವಿಸಿದ್ದರು. ಅವರು ತೀರಿಕೊಂಡುದು ೧೯೮೯ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ. ಈ ಕೆಲಸದ ನಿಷ್ಠೆಯನ್ನು ಕಂಡು ಅವರು, ಇದನ್ನು ಪ್ರತಿಕೃತಿಯೆಂದು ತಾವು ಎಣಿಸುವುದಿಲ್ಲ, ತಮ್ಮ ಕಾರ್ಖಾನೆಯಿಂದ ತಡವಾಗಿ ಹೊರಬಂದ ವಿಮಾನವೆಂದೇ ಎಣಿಸುವುದಾಗಿ ತೀರ್ಪಿತ್ತರು. ಅದೇ ಕೂಟದವರು ಕೈಹಾಕಿದ ಸಾಪ್‌ವಿತ್ ಕ್ಯಾಮೆಲ್ ವಿಮಾನವು ಕೊನೆಗೆ ಓಲ್ಡ್ ವಾರ್ಡನ್ನಿನ ಕಾರ್ಯಾಗಾರದಲ್ಲಿ ಪೂರ್ತಿಗೊಂಡು ೨೦೧೭ರಲ್ಲಿ ಹಾರಿತು.

ಸಾಪ್‌ವಿತ್ ಅವರ ತೀರ್ಪನ್ನು ಕೇವಲ ಮೆಚ್ಚುಗೆಯ ಮಾತೆಂದು ತಳ್ಳಿಹಾಕಲಾಗದು. 'ಮೂಲ' ಎಂಬುದಕ್ಕೆ ಅರ್ಥವೇನು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ನಮ್ಮ ಊರುಗಳ ತೇರನ್ನು ಇಲ್ಲಿ ನೆನೆಯಬಹುದು. ಗಾಲಿ ಸವೆದರೆ ಗಾಲಿಯನ್ನು ಹೊಸದಾಗಿ ಕಡೆಯುತ್ತಾರೆ, ಅಚ್ಚು ಮುರಿದರೆ ಅಚ್ಚನ್ನು ಹಾಕುತ್ತಾರೆ, ಪ್ರತಿವರ್ಷ ಬಟ್ಟೆ ಹೊಸತು. ಹಲವು ತಲೆಮಾರು ಕಳೆದ ಮೇಲೆ ಮೊದಲ ಮರ ಎಷ್ಟು ಉಳಿದಿದೆಯೆಂದು ಯಾರೂ ಲೆಕ್ಕವಿಡುವುದಿಲ್ಲ. ತೇರು ಮಾತ್ರ ಅದೇ ತೇರು. ಅಳತೆಯೂ ಕಟ್ಟುವ ಕ್ರಮವೂ ಎಳೆಯುವ ಜನರೂ ಅಖಂಡವಾಗಿ ಬಂದಿರುವುದರಿಂದ ಅದು ಹಾಗೆ. ಆದರೆ ಇತಿಹಾಸಕಾರನು ಇಲ್ಲಿ ಎಚ್ಚರಿಕೆ ತಪ್ಪಬಾರದು. ಯಾವ ಭಾಗ ಯಾವ ವರ್ಷದ್ದು ಎಂಬ ಲೆಕ್ಕವನ್ನು ಬರೆದಿಡದಿದ್ದರೆ, ಮುಂದೆ ಬರುವ ವಿದ್ಯಾರ್ಥಿಯು ೧೯೮೦ರ ಕೈಕೆಲಸವನ್ನು ೧೯೧೬ರದೆಂದು ಭ್ರಮಿಸುವ ಅಪಾಯವುಂಟು. ಪ್ರತಿಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಗ್ರಂಥಾಂತ್ಯದಲ್ಲಿ ಬರೆಯುತ್ತಿದ್ದಂತೆ, ಜೀರ್ಣೋದ್ಧಾರಕನೂ ತನ್ನ ಕೆಲಸದ ವಿವರವನ್ನು ಬಿಟ್ಟುಹೋಗಬೇಕು.

೬

ಹಾರಿಸುವುದರ ಅಪಾಯವನ್ನು ಮರೆಮಾಚಿ ಈ ಪಕ್ಷವನ್ನು ಸಮರ್ಥಿಸುವುದು ನ್ಯಾಯವಲ್ಲ. ೧೯೩೪ರಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲಿನಿಂದ ಆಸ್ಟ್ರೇಲಿಯದ ಮೆಲ್‌ಬರ್ನಿಗೆ ನಡೆದ ಪಂದ್ಯವನ್ನು ಸುಮಾರು ೭೧ ಗಂಟೆಗಳಲ್ಲಿ ಗೆದ್ದ ಡಿ.ಹೆಚ್. ೮೮ ಕಾಮೆಟ್ ವಿಮಾನ ಈ ಸಂಗ್ರಹದಲ್ಲಿದೆ. ಆ ಪಂದ್ಯದಲ್ಲಿ ಅದು ಬಾಗ್ದಾದಿನಿಂದ ಬಂದು ಅಲಹಾಬಾದಿನಲ್ಲಿ ಇಳಿದು ಸಿಂಗಪುರಕ್ಕೆ ಹೋಗಿತ್ತು. ೧೯೬೫ರಲ್ಲಿ ಓಲ್ಡ್ ವಾರ್ಡನ್ನಿಗೆ ಬಂದ ಅದು ದೀರ್ಘ ದುರಸ್ತಿಯ ನಂತರ ೧೯೮೭ರಲ್ಲಿ ಹಾರಿತು. ೨೦೦೨ರಲ್ಲಿ ಇಳಿಯುವಾಗ ಚಕ್ರದ ಕಾಲು ಕುಸಿದು ಜಖಂ ಆಯಿತು. ಮತ್ತೆ ಮುಗಿಲಿಗೇರಿದುದು ೨೦೧೪ರಲ್ಲಿ. ಇದು ಯಂತ್ರದ ನಷ್ಟ, ತುಂಬಿಕೊಳ್ಳಬಹುದಾದುದು. ೨೦೧೨ರ ಜುಲೈ ೧ರಂದು ಡಿ.ಹೆಚ್. ೫೩ ಹಮ್ಮಿಂಗ್ ಬರ್ಡ್ ಎಂಬ, ೧೯೨೩ರ ಮಾದರಿಯ, ಪುಟ್ಟ ವಿಮಾನವು ಓಲ್ಡ್ ವಾರ್ಡನ್ನಿನಲ್ಲಿ ಬಿದ್ದು ಅದನ್ನು ಹಾರಿಸುತ್ತಿದ್ದವರು ಮೃತಪಟ್ಟರು. ಇದು ತುಂಬಿಕೊಳ್ಳಲಾಗದ ನಷ್ಟ. ಇಂಥ ದಿನದ ಬಳಿಕ ಹಾರಾಟವನ್ನೇ ನಿಲ್ಲಿಸಿಬಿಡಬೇಕೆಂದು ವಾದಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು.

ಆದುದರಿಂದ ವಿವೇಚನೆಯಿಂದ ವಿಭಾಗ ಮಾಡಿಕೊಳ್ಳುವುದೇ ಯುಕ್ತವೆಂದು ತೋರುತ್ತದೆ. ೧೯೦೩ರಲ್ಲಿ ರೈಟ್ ಸಹೋದರರು ಹಾರಿಸಿದ, ಈಗ ವಾಷಿಂಗ್ಟನ್ನಿನಲ್ಲಿರುವ ವಿಮಾನ, ೧೯೧೯ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಅಟ್ಲಾಂಟಿಕ್ ಸಾಗರವನ್ನು ದಾಟಿದ, ಈಗ ಲಂಡನ್ನಿನಲ್ಲಿರುವ ವಿಕರ್ಸ್ ವಿಮಿ ವಿಮಾನ ಇವು ಏಕೈಕ ವಸ್ತುಗಳು. ಇವನ್ನು ನೆಲದಲ್ಲಿ ನಿಲ್ಲಿಸಿರುವುದು ಸರಿಯಾದುದೇ. ವಿಮಿಯ ನಡೆಯನ್ನು ಅರಿಯಬಯಸಿದವರು ಹೊಸದೊಂದನ್ನು ಕಟ್ಟಿ ೧೯೯೪ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹಾರಿದರು. ಆದರೆ ಎಲ್ಲವನ್ನೂ ನಿಲ್ಲಿಸಿದರೆ, ನಿಂತವುಗಳನ್ನು ವಿವರಿಸಿ ಹೇಳುವ ವಿದ್ಯೆಯೂ ಒಂದು ತಲೆಮಾರಿನಲ್ಲಿ ನಿಲ್ಲುತ್ತದೆ. ಹಾರುವ ಕೆಲವು ವಿಮಾನಗಳು ಹಾರದ ಅನೇಕ ವಿಮಾನಗಳಿಗೆ ಭಾಷ್ಯವಿದ್ದಂತೆ.

೭

ಬಳಕೆಯೇ ಸಂರಕ್ಷಣೆಯಾದ ಇನ್ನೊಂದು ನಿದರ್ಶನ 'ಓಲ್ಡ್ ವಾರ್ಡನ್ನಿ'ನಿಂದ ದೂರದಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಇದೆ. ಇದು ಎಲ್ಲರೂ ಬಲ್ಲ ಸಂಗತಿಯಲ್ಲ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಯಿತು. ೧೯೬೪ರಲ್ಲಿ ಇದೇ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅದು ಅಮೆರಿಕದ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ನಾಲ್ಕು ಎಂಜಿನ್ನುಗಳ ಲಿಬರೇಟರ್ ಬಾಂಬರುಗಳು ಕಾನಪುರದ ಮೈದಾನದಲ್ಲಿ ಅನಾಥವಾಗಿ ಉಳಿದುವು. ಬೇರೆಯವರು ಬಳಸದಿರಲೆಂದು ಬೇಕೆಂದೇ ಜಖಂಗೊಳಿಸಿದ್ದ ಯಂತ್ರಗಳು ಅವು. ಸ್ವತಂತ್ರ ಭಾರತಕ್ಕೆ ಬಾಂಬರುಗಳು ಬೇಕಾದಾಗ ೧೯೪೮ರಲ್ಲಿ ಅವನ್ನು ಎಬ್ಬಿಸುವ ಕೆಲಸ ಬೆಂಗಳೂರಿನ ಕಾರ್ಖಾನೆಗೆ ಬಂದಿತು. ಕಾನಪುರದಲ್ಲಿ ತಾತ್ಕಾಲಿಕವಾಗಿ ಸರಿಪಡಿಸಿದ ಅವುಗಳನ್ನು ಕಾರ್ಖಾನೆಯ ಪೈಲಟ್ ಜಮ್‌ಷೆಡ್ ಮುನ್ಶಿಯವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹೀಗೆ ಬಂದುವು ನಲವತ್ತರಷ್ಟು. ಇಲ್ಲಿಯ ಕೆಲಸಗಾರರು ಅವುಗಳಿಗೆ ಜೀವ ತುಂಬಿದರು. ೧೯೬೮ರವರೆಗೆ ಅವು ವಾಯುಪಡೆಯಲ್ಲಿ ದುಡಿದುವು.

ಯುದ್ಧಕಾಲದಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕಿ ತಯಾರಾಗಿದ್ದ ಲಿಬರೇಟರುಗಳು ಅಷ್ಟರೊಳಗೆ ಬೇರೆಡೆಗಳಲ್ಲಿ ಬಹುಪಾಲು ಗುಜರಿಯಾಗಿ ಕರಗಿಹೋಗಿದ್ದುವು. ಬ್ರಿಟನ್, ಅಮೆರಿಕ, ಕೆನಡ ದೇಶಗಳ ವಸ್ತುಸಂಗ್ರಹಾಲಯಗಳು ಲಿಬರೇಟರನ್ನು ಹುಡುಕಿಕೊಂಡು ಭಾರತಕ್ಕೆ ಬಂದುವು. ಲಂಡನ್ನಿನ ವಾಯುಪಡೆ ಸಂಗ್ರಹಾಲಯಕ್ಕೆ ೧೯೭೪ರಲ್ಲಿ ಸೇರಿದುದು ಭಾರತದಲ್ಲಿ ದುಡಿದುದೇ. ಇಲ್ಲಿಂದ ಹೋದ ಇನ್ನೊಂದು ೧೯೮೯ರಲ್ಲಿ ಅಮೆರಿಕದಲ್ಲಿ ಮತ್ತೆ ಹಾರಿತು. ಅವುಗಳನ್ನು ಉಳಿಸಿದವರಿಗೆ ತಾವು ಇತಿಹಾಸವನ್ನು ಉಳಿಸುತ್ತಿದ್ದೇವೆಂಬ ಅರಿವು ಇರಲಿಲ್ಲ. ಕೆಟ್ಟುದನ್ನು ನಡೆಯುವಂತೆ ಮಾಡುವುದಷ್ಟೇ ಅವರ ಕಾಯಕವಾಗಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಡಬೇಕಾಗಿದೆ. ಭಾರತೀಯ ವಾಯುಪಡೆಯು ತನ್ನ ಹಳೆಯ ವಿಮಾನಗಳನ್ನು ಹಾರಿಸಿ ತೋರುವ ಶ್ಲಾಘ್ಯ ಕಾರ್ಯವನ್ನು ಕೈಗೊಂಡಾಗ, ೨೦೧೨ರ ವಾಯುಪಡೆಯ ದಿನಾಚರಣೆಯಲ್ಲಿ ಹಾರಿದ ಟೈಗರ್ ಮಾತ್ ವಿಮಾನವೂ ೨೦೧೮ರಲ್ಲಿ ಬಂದು ಸೇರಿದ ಡಕೋಟ ವಿಮಾನವೂ ಜೀರ್ಣೋದ್ಧಾರಗೊಂಡುದು ಬ್ರಿಟನ್ನಿನಲ್ಲಿ. ನಲವತ್ತು ಲಿಬರೇಟರುಗಳನ್ನು ಎಬ್ಬಿಸಿದ ನಾಡಿನ ವಿಮಾನಗಳಿಗೆ ಸಮುದ್ರದಾಚೆ ಚಿಕಿತ್ಸೆ ನಡೆಯಿತು. ಸಾಮಗ್ರಿಯ ಕೊರತೆಗಿಂತ ಹೆಚ್ಚಾಗಿ, ಹಳೆಯ ಕೈಕೆಲಸವನ್ನು ಹೊಸ ಕೈಗಳಿಗೆ ದಾಟಿಸುವ 'ಓಲ್ಡ್ ವಾರ್ಡನ್' ಬಗೆಯ ನೆಲೆಗಳು ಅಲ್ಲಿ ಬೆಳೆದುಬಂದಿರುವುದೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ.

ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯವರು ೨೦೦೧ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರಚಿತವಾಗಿ ೧೯೫೧ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್.ಟಿ. ೨ ತರಬೇತಿ ವಿಮಾನದ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದುದು. ಈ ವಿಮಾನಗಳ ನಕ್ಷೆ ಕಡತಗಳು ಎಲ್ಲಿಯಾದರೂ ಉಳಿದಾವು. ಅವನ್ನು ಕಟ್ಟಿದ, ಬಿಚ್ಚಿದ, ಹಾರಿಸಿದ ಕೈಗಳ ತಿಳಿವಳಿಕೆ ಮಾತ್ರ ನಿವೃತ್ತ ಕೆಲಸಗಾರರ ನೆನಪಿನಲ್ಲಿದೆ, ಮತ್ತು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ. ರಿಚರ್ಡ್ ಷಟಲ್‌ವರ್ತನ ಕಾಲದಲ್ಲಿ ಕೇಳಿ ತಿಳಿಯಲು ಜನರಿದ್ದರು, ಅವನು ಕೇಳಿದನು. ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಹಾರುವ ವಿಮಾನಗಳನ್ನು ಇಟ್ಟುಕೊಳ್ಳಲಾರವು. ಆದರೆ ಬೆಂಗಳೂರಿನ ಬಡಾವಣೆಗಳಲ್ಲಿರುವ ಆ ಹಿರಿಯರ ಮನೆಗೆ ಹೋಗಿ, ಅವರು ಯಾವ ಕೀಲನ್ನು ಹೇಗೆ ಬಿಗಿಯುತ್ತಿದ್ದರು, ಯಾವ ಸದ್ದಿನಿಂದ ಯಾವ ದೋಷವನ್ನು ಗುರುತಿಸುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದು ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಈ ಆಕರವನ್ನು ಸಂಗ್ರಹಿಸಲು ಇರುವ ಕಾಲಾವಕಾಶ ಅಲ್ಪವಾದುದರಿಂದ, ಉಳಿದ ಆಕರಗಳಿಗಿಂತ ಮೊದಲು ಇದಕ್ಕೆ ಕೈಹಾಕುವುದು ಉಚಿತ.